ಅಮ್ಮನ ಕೈಕೆಳಗಿನ ಹುಡುಗಿ

ಅಮ್ಮನಿಗೆ ಗಂಟಲಿನ ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಗಡಿಯಾರ ಗೋಡೆಯ ಮೇಲೆ ಮೊದಲಿನಿಂದಲೂ ಇತ್ತು. ಅದು ಸದ್ದು ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಅಮ್ಮ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವಳು. ಗಾಜಿನ ಗೂಡು, ಒಂದು ಕುರ್ಚಿ, ಒಂದು ಮೈಕು. ಊರಿನಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಎಲ್ಲರಿಗೂ ಗೊತ್ತಿತ್ತು. ಅಂಗಡಿಗೆ ಹೋಗಿ "ಸಕ್ಕರೆ ಕೊಡಿ" ಅಂದರೆ ಪಕ್ಕದಲ್ಲಿ ನಿಂತವರು ಗಾಬರಿಯಾಗಿ ಬ್ಯಾಗು ಎತ್ತಿಕೊಳ್ಳುತ್ತಿದ್ದರು. ಮನೆಯಲ್ಲೂ ಅದೇ ವರಸೆ. ಮಾತಿಗೆ ಮೊದಲು "ಗಮನಿಸಿ" ಎನ್ನುವುದು, ಹೇಳಿದ್ದನ್ನೇ ಎರಡು ಸಲ ಹೇಳುವುದು, ಎದುರಿನವರ ಉತ್ತರಕ್ಕೆ ಕಾಯದೇ ಇರುವುದು. ಬಸ್ಸಿಗಾಗಿ ಕಾದವರು ಯಾವ ಕಾಲದಲ್ಲಿ ಮೈಕಿಗೆ ಉತ್ತರ ಕೊಟ್ಟಿದ್ದಾರೆ? ಅಪ್ಪ ಬದುಕಿರುವವರೆಗೆ ಮನೆಯಲ್ಲಿ ಪ್ರಯಾಣಿಕನಂತೆಯೇ ಇದ್ದರು. ಸಾಮಾನು ಕಾಲಬಳಿ ಇಟ್ಟುಕೊಂಡು, ಸುಮ್ಮನೆ.

ಅವಳ ನೌಕರಿಯ ಕೊನೆಯ ವರ್ಷಗಳಲ್ಲಿ ನಿಲ್ದಾಣಕ್ಕೆ ಯಂತ್ರ ಬಂತು. ಯಾವುದೋ ಹುಡುಗಿಯ ದನಿಯನ್ನು ಅದರೊಳಗೆ ತುಂಬಿದ್ದರು. ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ದನಿ. ಬಸ್ಸು ಕೆಟ್ಟು ನಿಂತಿದೆ ಎಂಬುದನ್ನೂ ಅವಳು ಹುಟ್ಟುಹಬ್ಬಕ್ಕೆ ಕರೆದ ಹಾಗೆ ಹೇಳುತ್ತಿದ್ದಳು. ಅಮ್ಮನನ್ನು ಕಳೆದುಹೋದ ಸಾಮಾನಿನ ವಿಭಾಗಕ್ಕೆ ಹಾಕಿದರು. ಅಲ್ಲಿ ಕೊಡೆ, ಚಪ್ಪಲಿ, ಟಿಫಿನ್ ಡಬ್ಬಿಗಳ ನಡುವೆ ಕೂತು ನಿವೃತ್ತಿಯವರೆಗೂ ಆ ದನಿಯನ್ನು ಕೇಳಿದಳು. ಅಂದಿನಿಂದ ಬ್ಯಾಂಕಿನ ಫೋನಿನಲ್ಲಾಗಲಿ, ಆಸ್ಪತ್ರೆಯ ಲಿಫ್ಟಿನಲ್ಲಾಗಲಿ ಅಂಥ ದನಿ ಕೇಳಿದರೆ ಸಾಕು, "ಬಂದ್ಲು ನೋಡು ಮಿಟುಕಲಾಡಿ" ಎಂದು ಹಲ್ಲು ಕಡಿಯುತ್ತಿದ್ದಳು.

ಆಪರೇಷನ್ನಿನಲ್ಲಿ ಡಾಕ್ಟರು ಗೆಡ್ಡೆಯ ಜೊತೆಗೆ ದನಿಯನ್ನೂ ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು. ಹೊಗೆ, ಧೂಳು ತಾಗಿಸಬಾರದೆಂದು ಕಟ್ಟಪ್ಪಣೆ. ಅಮ್ಮ ಒಂದು ಸ್ಲೇಟು, ಬಳಪ ಇಟ್ಟುಕೊಂಡಳು. ಆದರೆ ಜೀವಮಾನವೆಲ್ಲ ಮೈಕಿನ ಮುಂದೆ ಕೂತವಳಿಗೆ ಕೈಬರಹ ಎಲ್ಲಿಂದ ಬರಬೇಕು? ಅವಳು ಬರೆದದ್ದು ನನಗೊಬ್ಬನಿಗೇ ಓದಲು ಬರುತ್ತಿತ್ತು. ಹಾಗಾಗಿ ನಾನು ಅವಳ ಬಾಯಾದೆ.

ನನ್ನ ಉದ್ಯೋಗವೇ ದೂರುಗಳಿಗೆ ಉತ್ತರ ಬರೆಯುವುದು. "ಸಾಧ್ಯವಿಲ್ಲ" ಎಂಬುದನ್ನು "ಪರಿಶೀಲನೆಯಲ್ಲಿದೆ" ಎಂದು ಬರೆದೇ ತಲೆಗೂದಲು ಬೆಳ್ಳಗಾದ ಪ್ರಾಣಿ ನಾನು. ಅಂಥವನ ಕೈಗೆ ಅಮ್ಮನ ಸ್ಲೇಟು ಸಿಕ್ಕಿತು.

ನಾವಿರುವುದು ಒಂದು ವಸತಿ ಕಟ್ಟಡದ ನೆಲಮಹಡಿಯಲ್ಲಿ. ಕಟ್ಟಡದ ಸೆಕ್ರೆಟರಿ ಮೊದಲ ಮಹಡಿಯ ಹಿಂಭಾಗದವರು. ಕರೆಂಟು ಹೋದಾಗ ಲಿಫ್ಟಿಗೆಂದು ಒಂದು ಜನರೇಟರ್ ತಂದು ಅಮ್ಮನ ಕಿಟಕಿಯ ಕೆಳಗೆ ಇಡಬೇಕೆಂದು ಅವರಿಗೆ ಬಹಳ ಕಾಲದ ಆಸೆ. ಅಮ್ಮನಿಗೆ ದನಿ ಇರುವವರೆಗೆ ಅದು ಆಸೆಯಾಗಿಯೇ ಉಳಿದಿತ್ತು. ಆಪರೇಷನ್ ಆಗಿ ಅವಳು ಮನೆಗೆ ಬಂದದ್ದೇ ತಡ, ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು.

"ಜನರೇಟರ್ ವಿಷಯ ಅಮ್ಮಾವ್ರನ್ನ ಒಂದು ಮಾತು ಕೇಳಿ ಹೇಳಿ ಸಾರ್."

ಅಮ್ಮ ಕಿಟಕಿಯಿಂದ ಸ್ಲೇಟು ಕೊಟ್ಟಳು. ಅದರಲ್ಲಿ ಇದ್ದದ್ದು: "ನನ್ನ ಹೆಣ ಎತ್ತಿದ ಮೇಲೆ ಇಟ್ಟುಕೋ ಅನ್ನು ಆ ಕಳ್ಳನಿಗೆ." ಗೇಟಿನವರೆಗೆ ನಡೆಯುವಷ್ಟರಲ್ಲಿ ಅದು ನನ್ನ ತಲೆಯೊಳಗೆ ಕಚೇರಿ ಪತ್ರವಾಗಿತ್ತು. "ಈಗಲೇ ಏನೂ ಹೇಳೋಕಾಗಲ್ಲ, ಮುಂದೆ ನೋಡೋಣ ಅಂತಾರೆ," ಎಂದೆ.

ಮರುದಿನ ಸೆಕ್ರೆಟರಿ ನೇರ ಕಿಟಕಿಗೇ ಬಂದರು. "ಅಮ್ಮಾವ್ರೇ, ನಿಮ್ಮದು ದೊಡ್ಡ ಮನಸ್ಸು. ನೀವು ಒಪ್ಪಿದ್ರಿ ಅಂತ ಭಾನುವಾರವೇ ಸಭೆ ಕರೆದಿದ್ದೀನಿ. ಕೈ ಎತ್ತಿಸಿ ಮುಗಿಸಿಬಿಡೋಣ."

ಅಮ್ಮ ಬಾಯಿ ತೆರೆದಳು. ಗಾಳಿ ಬಂತು. ಕೈಲಿದ್ದ ಲೋಟವನ್ನು ಕಿಟಕಿಯ ಸರಳಿಗೆ ದಬದಬ ಬಡಿದಳು. ಚಪ್ಪಾಳೆ ಎಂದುಕೊಂಡು ಸೆಕ್ರೆಟರಿ ಕೈಮುಗಿದು ಹೋದರು.

ಆಮೇಲೆ ಸ್ಲೇಟು ನನ್ನ ಮೂಗಿನ ಹತ್ತಿರ ಬಂತು. "ನಿನ್ನ ಬಾಯಿ ಸಾಕು. ಮಾತಾಡುವ ಕಂಪ್ಯೂಟರ್ ತಾ."

ಬರೆದದ್ದನ್ನು ಓದಿ ಹೇಳುವ ಕಂಪ್ಯೂಟರು ಇರುತ್ತದೆಂದು ಆಸ್ಪತ್ರೆಯಲ್ಲಿ ನರ್ಸ್ ಹೇಳಿದ್ದಳಂತೆ. ಫೋನಿನಲ್ಲೂ ಆಗುತ್ತದೆಂದು ನನ್ನದನ್ನೇ ಕೊಟ್ಟೆ. ಒಂದಕ್ಷರಕ್ಕೆ ಬೆರಳಿಟ್ಟರೆ ಮೂರು ಮೂಡಿದವು. ಅಮ್ಮ ಅದನ್ನು ಮಂಚದ ಮೇಲೆ ಎಸೆದಳು. ಮಂಚ ಹತ್ತಿರದಲ್ಲಿತ್ತು, ಪುಣ್ಯ.

ಅಡುಗೆಮನೆಯಲ್ಲಿ ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. "ರೀ, ಇಷ್ಟು ವರ್ಷಕ್ಕೆ ಮನೆ ಮನೆ ಥರ ಆಗಿದೆ. ನೀವಾಗಿ ಹೋಗಿ ಅತ್ತೆಗೆ ಬಾಯಿ ಕೊಂಡುಕೊಂಡು ಬರ್ತೀರಾ?"

"ಕಡಿಮೆಯದ್ದು ತರ್ತೀನಿ ಬಿಡೇ. ಮೆಲ್ಲಗೆ ಮಾತಾಡೋದು ಸಿಕ್ಕೇ ಸಿಗುತ್ತೆ."

ಈ ಸುದ್ದಿ ಅಕ್ಕನ ಗಂಡನಿಗೆ ಹೇಗೆ ಮುಟ್ಟಿತೋ, ಸಂಜೆಯೊಳಗೆ ಭಾವ ತಮ್ಮ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಡಬ್ಬಿ, ಟಿವಿಯಂಥ ಪರದೆ, ಒಂದು ಬುಟ್ಟಿ ವಯರು. "ಹೊಸದು ಯಾಕೆ ದಂಡ? ಇದು ಆನೆ ಥರ ಇದೆ," ಎಂದರು. ಹಾಕಿದರೆ ಹಿಟ್ಟಿನ ಗಿರಣಿಯ ಸದ್ದು ಬಂತು. ಭಾವ ಊಟಕ್ಕೆ ಕೂತು, ಊಟ ಮುಗಿಸಿ, ಕೈತೊಳೆದು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇದ್ದವು. ಅಷ್ಟರಲ್ಲಿ ಕರೆಂಟು ಹೋಯಿತು, ಆನೆ ಮಲಗಿತು.

ಅಮ್ಮ ಬರೆದಳು. ಭಾವ ಕೇಳಿದರು, "ಏನಂತೆ?" ಅಮ್ಮ ನನ್ನನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಓದಲೇಬೇಕಾಯಿತು.

"ಪುಕ್ಕಟೆ ಬಂದದ್ದನ್ನು ಇಟ್ಟುಕೊಂಡು ಒಮ್ಮೆ ನೋಡಿಯಾಗಿದೆ ಅಳಿಯಂದಿರೇ, ಸಾಕು."

ವರದಕ್ಷಿಣೆಯಿಲ್ಲದೆ ಅಕ್ಕನನ್ನು ಮದುವೆಯಾಗಿದ್ದ ಭಾವ ವಯರುಗಳನ್ನು ಬುಟ್ಟಿಗೆ ತುಂಬುವಾಗ ಅವರ ಕಿವಿ ಕೆಂಪಾಗಿತ್ತು. ಅಕ್ಕ ಈಗಲೂ ನನಗೆ ಫೋನು ಮಾಡುವುದಿಲ್ಲ. ಬರೆದವಳ ಮೇಲಲ್ಲ, ಓದಿದವನ ಮೇಲೆ ಸಿಟ್ಟು.

ಶನಿವಾರ ಅಮ್ಮನನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ತೆಳ್ಳಗೆ ಹೊಳೆಯುವ ಹೊಸ ಲ್ಯಾಪ್‌ಟಾಪೊಂದನ್ನು ಮುಂದಿಟ್ಟು ಪ್ರೊಸೆಸರು, ರ್‍ಯಾಮು ಎಂದು ಶುರು ಹಚ್ಚಿಕೊಂಡ. ಅವನು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಅಮ್ಮ ಸ್ಲೇಟು ತೋರಿಸಿದಳು.

"ಇದರ ಗಂಟಲು ಎಲ್ಲಿ ಅಂತ ಕೇಳ್ತಿದ್ದಾರೆ," ಎಂದೆ.

"ಗಂಟಲಾ? ಓ, ಸ್ಪೀಕರಾ? ಕೆಳಗಡೆ ಇದೆ ಅಮ್ಮಾ. ಈಗಿನದ್ದೆಲ್ಲಾ ಹೊಟ್ಟೇಲೇ ಇರುತ್ತೆ."

ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತಾಡಿಸಿದಳು. ದನಿ ಬಟ್ಟೆಯೊಳಗೆ ಹೂತುಹೋಯಿತು, ಹಾಸಿಗೆಯೊಳಗಿಂದ ಯಾರೋ ಗೊಣಗಿದ ಹಾಗೆ. "ಟೇಬಲ್ ಮೇಲೆ ಇಟ್ರೆ ಚೆನ್ನಾಗಿ ಕೇಳುತ್ತೆ," ಎಂದ ಅಂಗಡಿಯವನು. "ಸಭೆಗೆ ಟೇಬಲ್ಲನ್ನೂ ಇವನೇ ಹೊತ್ತು ತರುತ್ತಾನಾ?" ಎಂದಿತು ಸ್ಲೇಟು.

ನನಗೆ ಈ ಪಿಸುಗುಡುವ ಯಂತ್ರ ತುಂಬಾ ಹಿಡಿಸಿತ್ತು. "ಅಮ್ಮಾ, ನೋಡೋಕೆ ಲಕ್ಷಣವಾಗಿದೆ, ಹಗುರ ಇದೆ," ಎಂದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಸ್ಲೇಟಿನ ಅಗತ್ಯವಿರಲಿಲ್ಲ.

ಒಳಗಿನ ಕಪಾಟಿನಲ್ಲಿ ಕಚೇರಿಗಳಿಂದ ವಾಪಸ್ಸು ಬಂದು ರಿಪೇರಿಯಾದ ಲ್ಯಾಪ್‌ಟಾಪುಗಳಿದ್ದವು. ಕಪ್ಪಗೆ, ದಪ್ಪಗೆ, ಇಟ್ಟಿಗೆಯಂತೆ. ಬೆಲೆ ಹೊಸದರ ಅರ್ಧಕ್ಕೂ ಕಡಿಮೆ. ಬ್ಯಾಟರಿ ಹೊಸದು, ಒಂದು ವರ್ಷ ಗ್ಯಾರಂಟಿ. ಕೀಲಿಗಳು ದೊಡ್ಡವು, ಒತ್ತಿದರೆ ಒತ್ತಿದೆ ಎಂದು ಬೆರಳಿಗೆ ಗೊತ್ತಾಗುವಂಥವು. ಸ್ಪೀಕರುಗಳು ಕೀಲಿಮಣೆಯ ಎಡಬಲಕ್ಕೆ, ಮುಖ ಮೇಲೆ ಮಾಡಿಕೊಂಡು. ಅಮ್ಮ ಒಂದನ್ನು ಎತ್ತಿ ತೂಗಿ ನೋಡಿದಳು. ಭಾರ ಇದ್ದದ್ದೆಲ್ಲ ಗಟ್ಟಿ ಎಂಬುದು ಅವಳ ತೀರ್ಮಾನ; ಮದುವೆಗೆ ಗಂಡು ನೋಡಿದಾಗಲೂ ಅದನ್ನೇ ನಂಬಿದ್ದಳು ಎಂದು ಅಪ್ಪ ಹೇಳುತ್ತಿದ್ದರು. ಆಮೇಲೆ ಫ್ಯಾನು ಜೋರು ಮಾಡಿಸಿದಳು, ರಸ್ತೆಯ ಬಾಗಿಲು ತೆಗೆಸಿದಳು, ಮಾತಿನ ನಡುವೆ ವಯರು ಕಿತ್ತಳು. ಮಾತು ನಿಲ್ಲಲಿಲ್ಲ. ಕ್ಯಾಮೆರಾದ ಕಣ್ಣಿಗೆ ಮಾತ್ರ ಅಂಗಡಿಯವನಿಂದಲೇ ಸ್ಟಿಕ್ಕರ್ ಅಂಟಿಸಿದಳು. ಅವನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಅವನಿಗೂ ಅಷ್ಟು ಹೊತ್ತಿಗೆ ಅವಳ ಮೇಲೆ ಇರಲಿಲ್ಲ.

"ದನಿ ಯಾವುದು ಹಾಕ್ಲಿ? ಇದು ಗಂಡುದನಿ, ಗಂಭೀರವಾಗಿದೆ. ಇದು ಹೆಣ್ಣುದನಿ," ಎಂದು ಅವನು ಗುಂಡಿ ಒತ್ತಿದ.

"ನಮಸ್ಕಾರ. ನಾನು ನಿಮಗೆ ಹೇಗೆ ನೆರವಾಗಲಿ?"

ಮಿಟುಕಲಾಡಿ! ನಿಲ್ದಾಣದ ಹುಡುಗಿಯೇ ಅಲ್ಲದಿದ್ದರೂ ಅವಳ ಒಡಹುಟ್ಟಿದವಳು. ಅಮ್ಮನ ದವಡೆ ಬಿಗಿಯಿತು. ಯಂತ್ರ ನೆಲಕ್ಕೆ ಬೀಳುವ ಮೊದಲೇ ನಾನು ಹೇಳಿದೆ, "ಗಂಡುದನಿಯೇ ಇರಲಿ ಮಾರಾಯರೇ!"

ಅಮ್ಮ ನನ್ನ ಕೈ ಸರಿಸಿ ಬರೆದಳು. "ಇವಳೇ ಬೇಕು."

ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿಗಳನ್ನು ಅಂಟಿಸಿಕೊಟ್ಟ ಅಂಗಡಿಯವನು. ಮನೆಯಲ್ಲಿ ಟೈಪು ಮಾಡಿಕೊಡಲೆಂದು ನಾನು ಕೈ ಚಾಚಿದರೆ ಬಳಪದಿಂದ ಗೆಣ್ಣಿನ ಮೇಲೆ ಕುಟ್ಟಿದಳು. ಒಂದೇ ಬೆರಳಿನಲ್ಲಿ, ಹಕ್ಕಿ ಕಾಳು ಹೆಕ್ಕಿದ ಹಾಗೆ, ಸಂಜೆಯೆಲ್ಲ ಕಲಿತಳು. ಊಟದ ಹೊತ್ತಿಗೆ ಮೊದಲ ಪ್ರಕಟಣೆ ಹೊರಬಿತ್ತು.

"ಸೊಸೆಯ ಗಮನಕ್ಕೆ. ಅಡುಗೆಗೆ ಉಪ್ಪು ಇಂದೂ ತಡವಾಗಿ ಆಗಮಿಸಿದೆ. ಸೊಸೆಯ ಗಮನಕ್ಕೆ. ಅಡುಗೆಗೆ ಉಪ್ಪು ಇಂದೂ ತಡವಾಗಿ ಆಗಮಿಸಿದೆ."

ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು, "ರೀ, ಇದನ್ನ ವಾಪಸ್ ತಗೊಳ್ತಾರಾ?"

ಭಾನುವಾರ ಸಂಜೆ ಕಟ್ಟಡದವರೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಸೆಕ್ರೆಟರಿ ಬಾಡಿಗೆಗೆ ಮೈಕು ತಂದಿದ್ದರು. ಅಮ್ಮ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಇಟ್ಟಿಗೆ. ನಾನು ಕೊನೆಯ ಸಾಲಿನಲ್ಲಿ ಕಂಬದ ಮರೆಗೆ.

"ಬಂಧುಗಳೇ, ಜನರೇಟರ್ ಬಗ್ಗೆ ನಮ್ಮ ಅಮ್ಮಾವ್ರು ಆಗಲೇ ಒಪ್ಪಿ..."

"ಸಾರ್ವಜನಿಕರ ಗಮನಕ್ಕೆ," ಎಂದಳು ಮಿಟುಕಲಾಡಿ. "ನಾನು ಒಪ್ಪಿಲ್ಲ. ನನ್ನ ಉಸಿರಿನ ತೂತಿಗೆ ಹೊಗೆ ತಾಗಿದರೆ ನಾನು ಸಾಯುತ್ತೇನೆ. ಕಿಟಕಿಯ ಕೆಳಗೆ ಜನರೇಟರ್ ಬರುವುದಿಲ್ಲ. ಒಪ್ಪಿದೆ ಎಂದು ಹೇಳಿದವನು ನನ್ನ ಮಗ. ಅವನು ಕಂಬದ ಹಿಂದೆ ಇದ್ದಾನೆ."

ಎಲ್ಲರೂ ತಿರುಗಿ ನೋಡಿದರು. ಕಂಬ ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು.

"ಅದು ಸರಿ ಅಮ್ಮಾವ್ರೇ, ಆದ್ರೆ ಬಹುಮತ ಅಂತ ಒಂದು..."

"ಸಾರ್ವಜನಿಕರ ಗಮನಕ್ಕೆ. ನಾನು ಒಪ್ಪಿಲ್ಲ. ನನ್ನ ಉಸಿರಿನ..."

ಆಗ ನನಗೆ ಅಮ್ಮನ ಕಸುಬಿನ ಒಳಗುಟ್ಟು ಅರ್ಥವಾಯಿತು. ನಿಲ್ದಾಣದಲ್ಲಿ ಮೈಕಿನವಳು ಯಾರೊಂದಿಗೂ ವಾದಿಸುವುದಿಲ್ಲ. ಇನ್ನೊಬ್ಬರು ಬಾಯಿ ತೆರೆದಾಗ ಗುಂಡಿ ಒತ್ತುತ್ತಾಳೆ. ಸೆಕ್ರೆಟರಿ ಉಸಿರು ಎಳೆದುಕೊಂಡರೆ ಸಾಕು, ಅಮ್ಮನ ಬೆರಳು ಇಳಿಯುತ್ತಿತ್ತು. ಅವರು ಮೈಕು ಜೋರು ಮಾಡಿದರು. ಹಿಂದಿನವರಿಗೆ ಈಗ ಅವರದ್ದಷ್ಟೇ ಕೇಳಿಸಿತು. ಅಮ್ಮನ ಹಣೆಯ ಮೇಲೆ ಬೆವರು ಕಂಡಿತು. ಇನ್ನೇನು ಕೈ ಎತ್ತಿಸಿಯೇ ಬಿಡುತ್ತಾರೆ ಎನ್ನುವಾಗ ಕರೆಂಟು ಹೋಯಿತು.

ಮೈಕು ಸತ್ತಿತು. ಮೇಲೆ ತಿರುಗುತ್ತಿದ್ದ ಫ್ಯಾನು ನಿಂತಿತು. "ನೋಡಿದ್ರಾ, ಇದಕ್ಕೇ ಜನರೇಟರ್ ಬೇಕು ಅಂದಿದ್ದು!" ಎಂದು ಸೆಕ್ರೆಟರಿ ಗೆದ್ದವರಂತೆ ಕೂಗಿದರು. ಆ ನಿಶ್ಶಬ್ದದಲ್ಲಿ ಬ್ಯಾಟರಿಯ ಹುಡುಗಿಯ ದನಿ ಹಿಂದಿನ ಸಾಲಿನವರೆಗೂ ಬಂತು, ಒಂದಿಷ್ಟೂ ಏರದೆ, ಇಳಿಯದೆ. "ಸಾರ್ವಜನಿಕರ ಗಮನಕ್ಕೆ. ನಾನು ಒಪ್ಪಿಲ್ಲ."

ಸೆಕ್ರೆಟರಿ ಕೂಗಿದರು. ಅವಳು ಸಿಹಿಯಾಗಿ ಹೇಳಿದಳು. ಅವರು ಇನ್ನೂ ಕೂಗಿದರು, ಗಂಟಲು ಕಟ್ಟಿ ದನಿ ಕೀರಲಾಯಿತು. ಅವಳದ್ದು ಕಟ್ಟಲಿಲ್ಲ. ಕೊನೆಗೆ ಅವರು ಕುರ್ಚಿಗೆ ಕುಸಿದು, ಉಳಿದಷ್ಟು ದನಿಯಲ್ಲಿ ಕೇಳಿದರು, "ಹಾಗಾದ್ರೆ ಎಲ್ಲಿ ಇಡೋಣ ನೀವೇ ಹೇಳ್ರಮ್ಮಾ."

ಅಮ್ಮ ಟೈಪು ಮಾಡತೊಡಗಿದಳು. ಒಂದೇ ಬೆರಳು. ಇಡೀ ಕಟ್ಟಡ ಉಸಿರು ಹಿಡಿದು ಕಾಯಿತು, ತಡವಾದ ಬಸ್ಸಿಗೆ ಕಾಯುವ ಹಾಗೆ. ಯಾರೋ ಕೆಮ್ಮಿದರೆ ಪಕ್ಕದವರು ತಿವಿದರು.

"ಹಿಂದಿನ ಅಂಗಳದಲ್ಲಿ. ಸೆಕ್ರೆಟರಿಯವರ ಕಿಟಕಿಯ ಕೆಳಗೆ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ನಗದೇ ಉಳಿದವರು ಸೆಕ್ರೆಟರಿ ಒಬ್ಬರೇ. ಕೈಗಳು ತಾವಾಗಿಯೇ ಎದ್ದವು. ಈಗ ಜನರೇಟರ್ ಹಿಂದಿನ ಅಂಗಳದಲ್ಲಿದೆ. ಸೆಕ್ರೆಟರಿ ನನ್ನನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

ಅಂದು ಮನೆಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ. "ಅಲ್ಲಮ್ಮಾ, ಆ ಮಿಟುಕಲಾಡಿಯ ದನಿ ಕೇಳಿದ್ರೆ ಹಲ್ಲು ಕಡೀತಿದ್ದೆ. ಅವಳನ್ನೇ ಯಾಕೆ ಆರಿಸಿಕೊಂಡೆ?"

ಅಮ್ಮ ಬಹಳ ಹೊತ್ತು ಕೀಲಿ ಕುಟ್ಟಿದಳು. ಆಮೇಲೆ ಕುರ್ಚಿಗೆ ಒರಗಿ, ಗಾಜಿನ ಗೂಡಿನಲ್ಲಿ ಕೂತವಳ ಗತ್ತಿನಲ್ಲಿ ಗುಂಡಿ ಒತ್ತಿದಳು.

"ಇವಳು ನನ್ನ ಕುರ್ಚಿ ಕಿತ್ತುಕೊಂಡವಳು," ಎಂದು ಆ ಹುಡುಗಿ ಸಕ್ಕರೆ ಸುರಿಸುತ್ತಾ ತನ್ನ ಬಗ್ಗೆ ತಾನೇ ಹೇಳಿಕೊಂಡಳು. "ಇನ್ನು ಮುಂದೆ ನನ್ನ ಕೈಕೆಳಗೆ, ನಾನು ಹೇಳಿದ್ದನ್ನು ಹೇಳಿಕೊಂಡು ಬಿದ್ದಿರಲಿ."

ಪ್ರಕಟಣೆ ಎಂದ ಮೇಲೆ ಎರಡು ಸಲ ಆಗಲೇಬೇಕು. ಅಮ್ಮ ಮತ್ತೊಮ್ಮೆ ಒತ್ತಿದಳು.