ಲಕ್ಷ್ಮವ್ವ ಸಹಿ ಹಾಕದ ಕಾಗದ

ಮಾಡದ ತಪ್ಪನ್ನು ಒಪ್ಪಿಕೊಳ್ಳುವ ವಿದ್ಯೆ ಲಕ್ಷ್ಮವ್ವನಿಗೆ ಕೊನೆಗೂ ಬರಲಿಲ್ಲ. ಗದಗಿನಿಂದ ಮದುವೆಯಾಗಿ ನಾಗಪುರಕ್ಕೆ ಬಂದ ಹೊಸದರಲ್ಲಿ, ಹಾಲು ಉಕ್ಕಿ ಹೋದದ್ದಕ್ಕೆ ತನ್ನನ್ನು ದೂರಿದ ಅತ್ತೆಯೊಡನೆ ಮೂರು ದಿನ ಮಾತು ಬಿಟ್ಟವಳು. "ಹೂಂ ಅಂದ್ರ ನಿಂದೇನು ಹೋಗ್ತೈತಿ?" ಎಂದು ಗಂಡ ರುದ್ರಪ್ಪ ಕೇಳಿದ್ದಕ್ಕೆ, "ನನ್ನ ಮಾತಿನ ಬೆಲಿ ಹೋಗ್ತೈತಿ" ಎಂದಿದ್ದಳು.

ಅಂಥವಳ ಮುಂದೆ ೧೯೮೬ರ ಬೇಸಿಗೆಯಲ್ಲಿ ಒಂದು ಕಾಗದ ಬಂತು. ನಾಗಪುರದ ಹೊರಗಿನ ಹಿಂಗಣಾದ ಯೀಸ್ಟ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಯೀಸ್ಟ್ ಬೆಳೆಸುವ ತೊಟ್ಟಿ ತೊಳೆಯುವ ಕೆಲಸ ಆಕೆಯದು. ಹಿಟ್ಟು ಹೊತ್ತಿಗೆ ಸರಿಯಾಗಿ ಉಬ್ಬುತ್ತಿಲ್ಲವೆಂದು ಪಾವ್ ಮಾಡುವ ಬೇಕರಿಗಳು ದೂರಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬೆಳಗಾವಿ ಕಡೆಯ ಮ್ಯಾನೇಜರ್ ಪಾಂಡುರಂಗ, ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ ಆಕೆಯನ್ನು ಹೊಲಸು ಹೆಂಗಸು ಎಂದು ಬೈದ. ತೊಟ್ಟಿ ತೊಳೆದಿರಲಿಲ್ಲವೆಂದು ಬರೆದ ಕಾಗದಕ್ಕೆ ಶನಿವಾರದೊಳಗೆ ಸಹಿ ಹಾಕಬೇಕು, ಇಲ್ಲವಾದರೆ ಕೆಲಸವಿಲ್ಲ.

ಲಕ್ಷ್ಮವ್ವ ನೇರ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿನ ಕೆಮಿಸ್ಟ್ ಬೋಪಣ್ಣ ಕೊಡಗಿನವನು, ಒಳ್ಳೆಯವನು, ಪುಕ್ಕಲ.

"ಸಾಹೇಬ್ರ, ಸಿಹಿ ಬನ್ ಮಾಡೋರು ಯಾಕ ದೂರಿಲ್ಲ? ನನ್ನ ಹೊಲಸು ಪಾವ್‌ಗಷ್ಟ ಹತ್ತತೈತೇನು?"

ಬೋಪಣ್ಣ ದನಿ ತಗ್ಗಿಸಿದ. "ಹೊಲಸಲ್ಲ ಲಕ್ಷ್ಮವ್ವ, ಸಕ್ಕರೆ."

ಒಳ್ಳೆಯ ಕೆಲಸಕ್ಕೆ ಹೊರಟವರ ಕೈಗೆ ಮೊಸರು-ಸಕ್ಕರೆ ಹಾಕಿ ಕಳಿಸುವುದು ಪಾಂಡುರಂಗನ ಮನೆಯ ಪದ್ಧತಿ. ಬೇಕರಿಗೆ ಹೊರಟ ಯೀಸ್ಟನ್ನೂ ಹಸಿವಿನಲ್ಲಿ ಕಳಿಸಬಾರದೆಂದು, ತೊಟ್ಟಿಯಿಂದ ತೆಗೆಯುವ ಎರಡು ತಾಸು ಮೊದಲು ಸಕ್ಕರೆ ಪಾಕ ಸುರಿಯಲು ಹದಿನೈದು ದಿನದ ಹಿಂದೆ ಹೇಳಿದ್ದ. ಅಲ್ಲಿಯವರೆಗೆ ಅದಕ್ಕೆ ಸಿಗುತ್ತಿದ್ದುದು ಹನಿಹನಿಯಾಗಿ ಕಾಕಂಬಿ ಮಾತ್ರ.

"ಯೀಸ್ಟಿನ ಮೈಮೇಲೆ ಬಾಗಿಲುಗಳಿರುತ್ತೆ" ಎಂದ ಬೋಪಣ್ಣ. "ಹಿಟ್ಟಿನಲ್ಲಿ ಹುಟ್ಟೋ ಮಾಲ್ಟೋಸ್ ಅನ್ನೋ ಇನ್ನೊಂದು ಜಾತಿ ಸಕ್ಕರೆ ಒಳಗೆ ಹೋಗೋಕೆ ಬೇರೆ ಬಾಗಿಲು. ಸಕ್ಕರೆ ಒಡೆದು ಗ್ಲೂಕೋಸ್ ದಂಡಿಯಾಗಿ ಸಿಕ್ಕಿದ ಸುದ್ದಿ ಒಳಗೆ ಮುಟ್ಟಿದ್ರೆ, ಆ ಬಾಗಿಲನ್ನೇ ಕಿತ್ತು ಹಾಕುತ್ತೆ. ಸಿಹಿ ಬನ್ನಿನಲ್ಲಿ ಸಕ್ಕರೆ ಇದೆ, ನಡೆಯುತ್ತೆ. ಪಾವ್ ಹಿಟ್ಟಿನಲ್ಲಿ ಹೊಸ ಬಾಗಿಲು ಕಟ್ಟೋತನಕ ಉಪವಾಸ."

"ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚಗೊಂಡು ಕುಂತೀರಿ?"

"ನನ್ನ ಪ್ರಮೋಷನ್ ಅವರ ಕೈಲಿದೆ." ಬೋಪಣ್ಣ ತನ್ನ ಬೂಟು ನೋಡಿಕೊಂಡ. ಲಕ್ಷ್ಮವ್ವನಿಗೆ ಪಾಂಡುರಂಗನಿಗಿಂತ ಇವನ ಮೇಲೇ ಹೆಚ್ಚು ಸಿಟ್ಟು ಬಂತು.

ಶನಿವಾರ ಆಕೆ ಪಾಕ ಸುರಿಯುವ ಮೊದಲಿನ ಯೀಸ್ಟನ್ನು ಒಂದಿಷ್ಟು ತಣ್ಣಗೆ ಎತ್ತಿಟ್ಟಳು, ಸುರಿದ ಮೇಲಿನದನ್ನೂ ತೆಗೆದಳು. ತೊಟ್ಟಿ ಅದೇ. ಎರಡನ್ನೂ ಬೇರೆಬೇರೆಯಾಗಿ ಬರೀ ಮೈದಾ, ನೀರು, ಉಪ್ಪಿನೊಡನೆ ಕಲಸಿ ಎರಡು ಗಾಜಿನ ಭರಣಿಗೆ ಹಾಕಿ, ಹಿಟ್ಟಿನ ಮಟ್ಟಕ್ಕೆ ದಾರ ಕಟ್ಟಿ ಪಾಂಡುರಂಗನ ಮೇಜಿನ ಮೇಲಿಟ್ಟು, ಮೊದಲನೆಯದು ಪಾಕಕ್ಕೆ ಮುಂಚಿನದು, ಎರಡನೆಯದು ಆಮೇಲಿನದು ಎಂದು ಹೇಳಿದಳು. ಒಂದೂವರೆ ತಾಸಿನಲ್ಲಿ ಮೊದಲನೆಯದು ದಾರ ದಾಟಿ ನಾಲ್ಕು ಬೆರಳು ಮೇಲೆದ್ದಿತ್ತು. ಎರಡನೆಯದು ದಾರದ ಹತ್ತಿರವೇ ಕೂತಿತ್ತು.

ಪಾಂಡುರಂಗ ಎರಡೂ ಭರಣಿ ಎತ್ತಿ ನೋಡಿದ. ಕಾಗದ ಹರಿದು ಬುಟ್ಟಿಗೆ ಹಾಕಿದ. "ಬರೋಬರ್. ಸಕ್ಕರಿ ಬಂದ್ ಮಾಡೂಣು. ಹೋಗು, ಕೆಲಸ ನೋಡು."

"ಗೇಟಿನ ಮುಂದ ಅಂದೀರಿ. ಅಲ್ಲೇ ಬಂದು ತಪ್ಪಾತು ಅನ್ರಿ."

"ತಲಿ ಕೆಟ್ಟೈತೇನು?"

ಆಕೆ ಹೋಗಿ ಗೇಟಿನ ಮುಂದೆ ಕೂತಳು. ಸೈರನ್ ಕೂಗಿತು. ಒಳಗೆ ಬರುವವರು, ಹೊರಗೆ ಹೋಗುವವರು ಸುತ್ತ ನಿಂತರು. ಬೋಪಣ್ಣ ಬೆವರುತ್ತ ಓಡಿ ಬಂದ. "ಏಳಿ ಲಕ್ಷ್ಮವ್ವ, ನಾನು ಹೇಳ್ತೀನಿ."

"ನೀವಲ್ಲ. ಅಂದವರು ಹೇಳ್ಲಿ."

ಗುಂಪು ಕರಗಲಿಲ್ಲ, ಪಾಳಿ ಶುರುವಾಗಲಿಲ್ಲ. ಕೊನೆಗೆ ಪಾಂಡುರಂಗ ಬಂದ, ಬಾಗಿ ಆಕೆಯೊಬ್ಬಳಿಗೇ ಕೇಳುವಂತೆ ಕನ್ನಡದಲ್ಲಿ, "ತೊಟ್ಟಿ ಸ್ವಚ್ಛ ಇತ್ತು. ತಪ್ಪು ನಂದು" ಎಂದ.

ಲಕ್ಷ್ಮವ್ವ ಅಲುಗಲಿಲ್ಲ. "ಬೈದದ್ದು ಮರಾಠಿಯೊಳಗ, ಸಾಹೇಬ್ರ."

ಪಾಂಡುರಂಗ ನೆಟ್ಟಗೆ ನಿಂತು, ಗುಂಪಿನ ಕಡೆ ತಿರುಗಿ ಅದೇ ಮಾತನ್ನು ಮರಾಠಿಯಲ್ಲಿ ಹೇಳಿದ. "ಟಾಕಿ ಸ್ವಚ್ಛ ಹೋತಿ. ಚೂಕ್ ಮಾಝೀ."

"ಹಿಂದಿನವರಿಗೆ ಕೇಳ್ಸಿಲ್ಲ" ಎಂದಳು ಲಕ್ಷ್ಮವ್ವ.

ಆತ ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದ. ಆಗ ಎದ್ದಳು.