ಒತ್ತಕ್ಷರ ಉದುರಿದ ಹಾಡುಗಳು

ಮೊನ್ನೆ ಹರಿಹರದ ಸ್ಟೇಷನ್ ಹತ್ತಿರ ಜೆರಾಕ್ಸ್ ಅಂಗಡಿಯೊಂದರಲ್ಲಿ ಬಿಸಿ ಟೋನರಿನ ವಾಸನೆ ಮೂಗಿಗೆ ಬಡಿಯಿತು. ಪಿ.ಜೆ. ಬಡಾವಣೆಯಲ್ಲಿ ಕನ್ನಡ ಟೈಪಿಂಗ್, ಪುಟ ಜೋಡಣೆಯ ಅಂಗಡಿ ಇಟ್ಟಿದ್ದ ಡಿಟಿಪಿ ಚಾಚಾ ನೆನಪಾದರು. ಅದರ ಹಿಂದೆಯೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನನ್ನ ಸೋದರತ್ತೆ ಭಾನುವಳ್ಳಿಯ ಹೆಂಗಸರಿಂದ ಭತ್ತದ ನಾಟಿ ಹಾಡುಗಳನ್ನು ಬರೆದುಕೊಂಡಿದ್ದರು. ಅವನ್ನು ಟೈಪ್ ಮಾಡಿದವರು ಚಾಚಾ. ಅತ್ತೆ ತೀರಿಕೊಂಡ ಮೇಲೆ ನೋಟ್‌ಬುಕ್ಕುಗಳು ಗೆದ್ದಲಿಗೆ ಹೋದವು. ಉಳಿದದ್ದು ಒಂದು ಸಿ.ಡಿ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು...

ಚಾಚಾ ತಿಂಗಳುಗಟ್ಟಲೆ ಕೂತರು. ಲಿನಕ್ಸ್ ಹಾಕಿದ ಕಂಪ್ಯೂಟರಿನೊಳಗೆ ಪ್ರತ್ಯೇಕ ಜಾಗವೊಂದನ್ನು ಮಾಡಿ, ತಾವು ಅಂದು ಟೈಪ್ ಮಾಡಿದ್ದ, ಪುಟ ಕಟ್ಟುವ ಆ ಹಳೆಯ ಸಾಫ್ಟ್‌ವೇರನ್ನು ಅದರ ಫಾಂಟುಗಳ ಸಮೇತ ಅಲ್ಲಿ ಎಬ್ಬಿಸಿದರು. "ಒಳಗೊಂದು ಕೋಣೆ ಇದ್ದಂಗೆ, ಮೇಷ್ಟ್ರೇ. ಇಂಟರ್ನೆಟ್ ಇಲ್ಲ, ಹೊರಗಿಂದೇನೂ ಮುಟ್ಟಂಗಿಲ್ಲ. ಹಳೇದು ಹಳೇದರಂಗೇ ಇರ್ತೈತೆ" ಎಂದರು. ಬೂದು ಬಣ್ಣದ ಪರದೆಯ ಮೇಲೆ ಹಾಡುಗಳು ಒಂದೊಂದಾಗಿ ತೆರೆದುಕೊಂಡವು. ಚಾಚಾ ಕಣ್ಣೊರೆಸಿಕೊಂಡರು.

ನಾನು ಪಾಠ ಮಾಡುವ ಕಾಲೇಜು ಅವನ್ನು ಪುಸ್ತಕ ಮಾಡಲು ಮುಂದಾಯಿತು. "ಪುಟ ಎಲ್ಲ ಇಲ್ಲಿಂದಲೇ ತೆಗೆದುಕೊಡ್ತೀನಿ, ಎಂಟು ದಿನ ತಡೀರಿ" ಎಂದರು ಚಾಚಾ. ನಮ್ಮ ಕನ್ನಡ ವಿಭಾಗದ ಮುಖ್ಯಸ್ಥರಿಗೆ ಅಷ್ಟು ತಾಳ್ಮೆ ಎಲ್ಲಿ? ಫೈಲು ತಂದುಕೊಡು ಎಂದರು, ತಂದುಕೊಟ್ಟೆ. ಹಳೇ ಫಾಂಟನ್ನು ಹೊಸದಕ್ಕೆ ಬದಲಿಸುವ ಯಾವುದೋ ಕನ್ವರ್ಟರಿಗೆ ತುರುಕಿ, ಕರಡೂ ನೋಡದೆ ಅಚ್ಚಿಗೆ ಕಳಿಸಿದರು.

ಬಿಡುಗಡೆಯ ದಿನ ಚಾಚಾ ಹಿಂದಿನ ಸಾಲಿನಲ್ಲಿ ಕೂತು ಪುಸ್ತಕ ತಿರುವಿದರು. ಎದ್ದು ನಿಂತರು.

"ಒತ್ತಕ್ಷರ ಎಲ್ಲ ಉದುರ್‍ಯಾವ್ರಿ. ಅಕ್ಕ ಹೋಗಿ ಅಕ ಆಗೈತೆ, ಅವ್ವ ಹೋಗಿ ಅವ ಆಗೈತೆ. ಹಂಚಬ್ಯಾಡ್ರಿ."

ಮುಖ್ಯಸ್ಥರು ಮೈಕಿನಲ್ಲೇ, "ಸಾಬ್ರು ಈಗ ನಮಗೆ ಕನ್ನಡ ಕಲಿಸ್ತಾರೆ!" ಎಂದರು. ಸಭೆ ನಕ್ಕಿತು. ವೇದಿಕೆಯ ಮೇಲಿದ್ದ ನಾನೂ ನಕ್ಕೆ. ಚಾಚಾ ನನ್ನನ್ನೇ ನೋಡಿದರು... ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದರು.

ವಾರ ಬಿಟ್ಟು ಅಂಗಡಿಗೆ ಹೋದೆ. ಎಲ್ಲ ಹಾಡುಗಳ ಸರಿಯಾದ ಪ್ರತಿ ತೆಗೆದು, ದಾರ ಹಾಕಿ ಹೊಲಿದು ಇಟ್ಟಿದ್ದರು. "ನಿಮ್ಮ ಅತ್ತೇರದು. ತಗೊಳ್ರಿ" ಎಂದರು. ಯಾವತ್ತಿನಂತೆ ಕೂಡ್ರಿ ಎನ್ನಲಿಲ್ಲ. ತಪ್ಪಾಯಿತು ಎನ್ನಲೆಂದೇ ಹೋದವನು ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ಚಾಚಾ ತೀರಿಹೋಗಿ ಮೂರು ವರ್ಷವಾಯಿತು. ಈಗ ಹೇಳೋಣವೆಂದರೆ ಆ ಅಂಗಡಿಯೂ ಇಲ್ಲ. ಅವರು ಕೊಟ್ಟ ಪ್ರತಿ ಬೀರುವಿನಲ್ಲಿದೆ. ತರಗತಿಯಲ್ಲಿ ನಾನು ಪಾಠ ಮಾಡುವುದು ಆ ಹೊಲಸು ಪುಸ್ತಕವನ್ನೇ. ಕಳೆದ ವಾರ ಮುಖ್ಯಸ್ಥರ ಬೀಳ್ಕೊಡುಗೆ ಇತ್ತು. ಜಾನಪದಕ್ಕೆ ಅವರು ಸಲ್ಲಿಸಿದ ಸೇವೆಯನ್ನು ಹೊಗಳಿ ಎರಡು ಪುಟ ಓದಿದವನು ನಾನೇ.