ಮನೆಗೆಲ್ಲ ಒಂದೇ ಖಾತೆ

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಶ್ಶೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಎಲ್ಲರದೂ. ಸಾಬೂನು ಒಂದೇ, ಫೋನು ಒಂದೇ, ಸ್ಕೂಟರ್ ಒಂದೇ. ಒಬ್ಬರಿಗೆ ತಲೆನೋವು ಬಂದರೆ ಊಟದ ಹೊತ್ತಿಗೆ ಅದೂ ಎಲ್ಲರಿಗೂ ಹಂಚಿಕೆಯಾಗಿರುತ್ತದೆ. ಕೋಣೆಗಳಿಗೆ ಬಾಗಿಲುಗಳಿವೆ, ಆದರೆ ಅವು ಅಂಗಿ ನೇತುಹಾಕಲಿಕ್ಕೆ, ಮುಚ್ಚಲಿಕ್ಕೂ ಬರುತ್ತವೆಂದು ಯಾರಿಗೂ ಹೊಳೆದಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದ ಎಂದು ನೆಂಟರು ತಿಳಿದಿದ್ದಾರೆ. ಗ್ರಂಥಾಲಯದಲ್ಲಿ ಯಾರೂ ಮಾತಾಡಿಸುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಇಂಥ ಮನೆಗೆ ಇಂಟರ್ನೆಟ್ ಬಂತು. ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಸೋದರಮಾವನ ಮಗ ತನ್ನ ಹಳೆಯ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟುಹೋದ. ಅವ್ವ ಅದಕ್ಕೊಂದು ಹೂವಿನ ಗವಸು ಹೊಲಿದಳು. ಈಗ ಕಾಲೇಜು ಹುಡುಗರೆಲ್ಲ ಮುಗಿಬಿದ್ದಿರುವ ಆ ಸ್ನೇಹದ ತಾಣದಲ್ಲಿ ಒಂದು ಖಾತೆಯೂ ತೆರೆಯಿತು. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ಅಪ್ಪ ಅದನ್ನು ಅಂಗಡಿಯ ಹೆಸರಿನಲ್ಲಿ ತೆರೆಸಿದರು. ಫೋನು ಅಂಗಡಿಯ ಹೆಸರಿನಲ್ಲಿ, ಸ್ಕೂಟರ್ ಅಂಗಡಿಯ ಹೆಸರಿನಲ್ಲಿ. ಸ್ನೇಹ ಮಾತ್ರ ಬೇರೆ ಹೆಸರಿನಲ್ಲಿ ಏಕೆ?

ಇದರ ಪೂರ್ತಿ ಭಾರ ಬಿದ್ದದ್ದು ಹನ್ನೊಂದನೆಯ ತರಗತಿಯಲ್ಲಿರುವ ನನ್ನ ತಂಗಿ ವೈಶಾಲಿಯ ಮೇಲೆ. ಅವಳ ಗೆಳತಿಯರ ಪುಟಗಳಲ್ಲಿ ಓರೆ ಕಣ್ಣಿನ, ಕೂದಲು ಹಾರುವ ಭಾವಚಿತ್ರಗಳಿದ್ದರೆ, ಇವಳ ಪುಟದಲ್ಲಿ ಒಂದರ ಮೇಲೊಂದು ಪೇರಿಸಿದ ಬೆಲ್ಲದ ಪೆಂಟೆಗಳು. ಹುಟ್ಟಿದ ದಿನದ ಹಾರೈಕೆಗಳೂ ಅಂಗಡಿಗೇ ಬಂದವು.

ಈ ವಯಸ್ಸಿನವರು ಅಲ್ಲಿ ಬರೆಯುವುದನ್ನು ನೋಡಿದರೆ ನನಗೆ ನಮ್ಮ ಹಳೆಯ ಶಾಸನಗಳ ನೆನಪಾಗುತ್ತದೆ. ಅಲ್ಲಿಯೂ ಹೊಗಳಿಕೆಗೆ ಮಿತಿಯಿಲ್ಲ, ಇಲ್ಲಿಯೂ ಇಲ್ಲ. ಅವುಗಳನ್ನೂ ದಾರಿಹೋಕರೆಲ್ಲ ಓದಲಿ ಎಂದೇ ಗುಡಿಯ ಮುಂದೆ ನಿಲ್ಲಿಸಿದರು. ಒಂದೇ ವ್ಯತ್ಯಾಸವೆಂದರೆ, ಶಾಸನದ ಕೊನೆಗೆ ಇದನ್ನು ಅಳಿಸಿದವನು ನರಕಕ್ಕೆ ಹೋಗಲಿ ಎಂದಿರುತ್ತದೆ. ನಮ್ಮ ಹುಡುಗಿಯರು ಬರೆದ ಅರ್ಧ ಗಂಟೆಗೆ ತಾವೇ ಅಳಿಸುತ್ತಾರೆ. ಹದಿನಾರರಲ್ಲಿ ಲೋಕವೆಲ್ಲ ತಮ್ಮನ್ನು ನೋಡಬೇಕು, ಆದರೆ ತಾವು ಹೇಳಿದಾಗ ಮಾತ್ರ. ರಾಜರಿಗೂ ದಕ್ಕದ ಸೌಕರ್ಯವಿದು.

ಅಪ್ಪನದು ಬೇರೆಯೇ ಶಿಸ್ತು. ಅಂಗಡಿಗೆ ಬಂದ ಕಾಗದಕ್ಕೆ ಅಂದೇ ಉತ್ತರ ಹೋಗಬೇಕು. ಮಧ್ಯಾಹ್ನ ಊಟಕ್ಕೆ ಬಂದಾಗ ಗವಸು ತೆಗೆದು, ಬಂದದ್ದನ್ನೆಲ್ಲ ಓದಿ, ಹೆಸರಿಗೆ ‘ಚಿರಂಜೀವಿ’ ಸೇರಿಸಿ ಈ ಊರಿನ ಭಾಷೆಯಾದ ಮರಾಠಿಯಲ್ಲಿ ಉತ್ತರಿಸುತ್ತಿದ್ದರು. ಹುಡುಗಿಯರಿಗೆ ಮೊದಮೊದಲು ಅದೊಂದು ತಮಾಷೆಯಾಗಿತ್ತು. ಅಷ್ಟರಲ್ಲಿ ವೈಶಾಲಿಯ ಜೀವದ ಗೆಳತಿ ಸಾಯಲಿ, ಗಣಿತದಲ್ಲಿ ತಾನು ನಪಾಸಾದದ್ದನ್ನು ಖಾಸಗಿಯಾಗಿ, ಇವಳೊಬ್ಬಳಿಗೇ ಎಂದು ಬರೆದಳು. ಅಪ್ಪ ಓದಿದರು, ಮರುಗಿದರು, ಮತ್ತು ಎಲ್ಲರಿಗೂ ಕಾಣುವ ಪುಟದಲ್ಲಿ ಉತ್ತರ ಬರೆದರು: ‘ಚಿರಂಜೀವಿ ಸಾಯಲಿಗೆ ಆಶೀರ್ವಾದ. ಗಣಿತದಲ್ಲಿ ನಪಾಸಾದ ಸಂಗತಿ ತಿಳಿಯಿತು. ಚಿಂತಿಸಬೇಡ, ಮ್ಯಾಟ್ರಿಕ್ಕಿನಲ್ಲಿ ನಾನೂ ಎರಡು ಸಲ ನಪಾಸು. ವೈಶಾಲಿ ತಲೆ ಒಣಗಿಸಿಕೊಳ್ಳುತ್ತಿದ್ದಾಳೆ, ಆಮೇಲೆ ಬರೆಯುವಳು.’

ಸಂಜೆಯೊಳಗೆ ಇಡೀ ತರಗತಿ ಓದಿತ್ತು. ಮರುದಿನ ಸಾಯಲಿ ಬೇರೆ ಬೆಂಚಿನಲ್ಲಿ ಕುಳಿತಳು. ಒಂದನೆಯ ತರಗತಿಯಿಂದ ಒಂದೇ ಡಬ್ಬಿಯಲ್ಲಿ ಉಂಡವರು. ವೈಶಾಲಿ ಡಬ್ಬಿಯನ್ನು ತೆರೆಯದೆ ಹಾಗೆಯೇ ತಂದಿಟ್ಟಳು. ಹೀಗೆ ಒಂದು ವಾರ ನಡೆಯಿತು.

“ಒಳ್ಳೇ ಮಾತೇ ಬರದೀನಲ್ಲವಾ,” ಎಂದರು ಅಪ್ಪ. “ಅಂಗಡಿಗೆ ಬಂದ ಕಾಗದ. ಉತ್ತರ ಕೊಡದ ಇರಾಕ ಬರ್ತದೇನು?”

“ಅದು ಅಂಗಡಿಗೆ ಬಂದದ್ದಲ್ಲ ಅಪ್ಪಾ, ನನಗ ಬಂದದ್ದು.”

“ನೀ ಬ್ಯಾರೆ, ಅಂಗಡಿ ಬ್ಯಾರೇನು?”

ಒಳಗಿಂದ ಅವ್ವ ಬಂದಳು. ಅವಳ ದುಃಖ ಬೇರೆ. “ಎರಡು ಸಲ ನಪಾಸಂತ ನಮ್ಮಪ್ಪಗ ಹೇಳಿದ್ದಿಲ್ಲಲ್ರಿ ನೀವು. ಮೊದಲನೇ ಸಲಕ್ಕ ಪಾಸಂತ ಹೇಳಿ ಲಗ್ನ ಮಾಡ್ಕೊಂಡ್ರಿ.”

ಅಪ್ಪ ಪರದೆಯ ಕಡೆ ತಿರುಗಿದರು. ಎಲ್ಲ ಕಾಗದಕ್ಕೂ ಉತ್ತರ ಕೊಡುವವರು ಅವರು, ಆದರೆ ಇದು ಕಾಗದವಾಗಿರಲಿಲ್ಲ.

ವೈಶಾಲಿ ಅಳುವುದನ್ನು ನಿಲ್ಲಿಸಿ ಒಂದು ಮಾತು ಕೇಳಿದಳು. ಅದಕ್ಕೆ ಮೊದಲು ನಿಮಗೊಂದು ವಿಷಯ ಹೇಳಬೇಕು. ಅಪ್ಪ ಸಣ್ಣವರಿದ್ದಾಗ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲವಂತೆ. ಕೊಡುವವನೂ ಕೊಳ್ಳುವವನೂ ಕೈಗಳ ಮೇಲೆ ಒಂದು ರುಮಾಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ತಿಳಿಸುತ್ತಿದ್ದರು. ಸುತ್ತ ನೂರು ಜನ ನಿಂತಿದ್ದರೂ ಆ ದರ ಇಬ್ಬರಿಗಷ್ಟೇ ಗೊತ್ತು. ಈ ಕತೆಯನ್ನು ನಾವು ನೂರು ಸಲ ಕೇಳಿದ್ದೆವು.

“ಅಪ್ಪಾ, ನೀವು ರುಮಾಲ ಹಾಕಿ ದರಾ ಮಾಡೂ ಮುಂದ ಯಾರರೇ ಬಂದು ರುಮಾಲ ಕಿತ್ತಿದ್ರ?”

“ಹಂಗ ಮಾಡಿದಾವನ ಜೋಡಿ ಮತ್ತ ಯಾರೂ ವ್ಯಾಪಾರ ಮಾಡ್ತಿದ್ದಿಲ್ಲ,” ಎಂದರು ಅಪ್ಪ ಮೆಲ್ಲಗೆ. ನಾನು ಖಾಸಗಿತನದ ಚರಿತ್ರೆಯ ಬಗ್ಗೆ ವಾರವಿಡೀ ಕೊಟ್ಟಿದ್ದ ಉಪನ್ಯಾಸದಿಂದ ಆಗದ ಕೆಲಸ ಅದು. ಅವರೇ ಕುಳಿತು ಆ ಉತ್ತರವನ್ನು ಅಳಿಸಿದರು. ಆಮೇಲೆ ಒಂದು ಪೆಂಟೆ ಬೆಲ್ಲ ಕಟ್ಟಿಸಿಕೊಂಡು, ವೈಶಾಲಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಾಯಲಿಯ ಮನೆಗೆ ಹೋದರು.

ಅಲ್ಲಿ ನಡೆದದ್ದನ್ನು ವೈಶಾಲಿ ಹೇಳಿದಷ್ಟೇ ನಾನು ಬಲ್ಲೆ. ಅಪ್ಪ ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತು, “ನಿನ್ನ ಮಾತು ನಾನು ಓದಬಾರದಿತ್ತು, ಮಗಾ,” ಎಂದು ಮರಾಠಿಯಲ್ಲಿ ಹೇಳಿದರಂತೆ. ಸಾಯಲಿ ಬೆಲ್ಲವನ್ನು ಕೈಗೆ ತೆಗೆದುಕೊಂಡು, “ಕಾಕಾ, ನೀವು ಖರೇನೇ ಎರಡು ಸಲ ನಪಾಸೇನು?” ಎಂದಳಂತೆ. “ಎರಡನೇದು ಗಣಿತದಾಗ,” ಎಂದರಂತೆ ಅಪ್ಪ. ಅವಳು ನಕ್ಕಳಂತೆ. ಮರುದಿನ ಡಬ್ಬಿ ಖಾಲಿಯಾಗಿ ಬಂತು.

ಈಗ ವೈಶಾಲಿಗೆ ಅವಳದೇ ಹೆಸರಿನ ಖಾತೆ ಇದೆ, ಓರೆ ಕಣ್ಣಿನ ಭಾವಚಿತ್ರವೂ ಇದೆ. ಅಂಗಡಿಯ ಖಾತೆಯಿಂದ ಅಪ್ಪ ಅವಳಿಗೊಂದು ಸ್ನೇಹದ ಕೋರಿಕೆ ಕಳಿಸಿ ತಿಂಗಳಾಗುತ್ತ ಬಂತು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಕೇಳುತ್ತಾರೆ: “ನಮ್ಮದೇನಾತವಾ?”

“ವಿಚಾರ ನಡದದ ಅಪ್ಪಾ.”

“ಆಗ್ಲಿ, ಆಗ್ಲಿ. ಅವಸರಿಲ್ಲ.”

ಇಡೀ ಮಾರ್ಕೆಟ್ ಯಾರ್ಡಿನಲ್ಲಿ ಅವರನ್ನು ಇಷ್ಟು ಕಾಯಿಸಿದವರಿಲ್ಲ. ನನಗೇ ಕನಿಕರವಾಗಿ, ಒಪ್ಪಿಕೊಳ್ಳಬಾರದೇನೇ ಎಂದೆ.

“ಒಪ್ಪತೀನಿ ಅಕ್ಕಾ,” ಎಂದಳು. “ಆದ್ರ ಒಪ್ಪಿದ್ರ ಅಪ್ಪ ಕೇಳೂದು ಬಿಟ್ಟಬಿಡ್ತಾರ. ಈ ಮನ್ಯಾಗ ಯಾರರೇ ನನ್ನ ಕೇಳಾಕತ್ತಿದ್ದು ಇದಽ ಮೊದಲನೇ ಸಲ.”